ಹಾಡುವವರ ಮಾತೇ ಕೇಳಿಸದ ಆಲ್ಬಮ್‌ಗೆ 4 ಅಂಕ ಕೊಟ್ಟರೆ ತಪ್ಪೇ?

ಪ್ರಶ್ನೆ: ಮೂರು ವರ್ಷದಿಂದ ಇಂಡಿ, ಆಲ್ಟರ್ನೇಟಿವ್ ಆಲ್ಬಮ್‌ಗಳನ್ನು ಹುಡುಕಿ ಕೇಳುತ್ತಿದ್ದೇನೆ. ಕೇಳಿದ ಮೇಲೆ ನಾಲ್ಕು ಸಾಲು ಬರೆದು ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುವುದು ರೂಢಿ. ಮೈ ಬ್ಲಡಿ ವ್ಯಾಲಂಟೈನ್ ತಂಡದ ‘ಲವ್‌ಲೆಸ್’ಗೆ 4 ಕೊಟ್ಟೆ, ಗಿಟಾರ್ ಗದ್ದಲದಲ್ಲಿ ಹಾಡಿನ ಒಂದು ಪದವೂ ಸಿಗಲಿಲ್ಲ. ಸ್ಲಿಂಟ್ ತಂಡದ ‘ಸ್ಪೈಡರ್‌ಲ್ಯಾಂಡ್’ಗೆ 5; ಅರ್ಧ ಹೊತ್ತು ಏನೂ ಕೇಳಿಸುವುದಿಲ್ಲ, ವಾಲ್ಯೂಮ್ ಏರಿಸಿದರೆ ಇದ್ದಕ್ಕಿದ್ದಂತೆ ಕಿವಿಗೆ ಬಡಿಯುತ್ತದೆ. ಒಂದೆರಡು ಸಲ ಆಮೇಲೆ ಕಿವಿ ಗುಂಯ್ ಎಂದದ್ದೂ ಉಂಟು. ನ್ಯೂಟ್ರಲ್ ಮಿಲ್ಕ್ ಹೋಟೆಲ್‌ನ ‘ಇನ್ ದಿ ಏರೋಪ್ಲೇನ್ ಓವರ್ ದಿ ಸೀ’ ಕೇಳಿ, ಫೈಲೇ ಕೆಟ್ಟಿದೆ ಎಂದುಕೊಂಡು ಎರಡು ಸಲ ಡೌನ್‌ಲೋಡ್ ಮಾಡಿದೆ. ಆಗಲೂ ಅದೇ ಕರಕರ. ನಾನು ಹೆಚ್ಚಾಗಿ ಕೇಳುವುದು ಬಸ್ಸಿನಲ್ಲಿ, ಬ್ಲೂಟೂತ್ ಇಯರ್‌ಬಡ್‌ನಲ್ಲಿ, ಬೇಸ್ ಸ್ವಲ್ಪ ಏರಿಸಿಕೊಂಡು. ಇವನ್ನೆಲ್ಲ ಎಲ್‌ಪಿ ತಟ್ಟೆಯಲ್ಲೇ ಕೇಳಬೇಕು, ದುಬಾರಿ ಹೆಡ್‌ಫೋನ್ ಬೇಕು, ಹತ್ತು ಸಲ ಕೇಳದೆ ಮಾತಾಡಬಾರದು ಎನ್ನುತ್ತಾರೆ ಗೆಳೆಯರು. ನನ್ನ ಕಿವಿಯೇ ಸರಿಯಿಲ್ಲವೇ? ಅಂಕಗಳನ್ನು ಅಳಿಸಿಬಿಡಲೇ?

ಉತ್ತರ: ಅಳಿಸಬೇಡಿ. ಆದರೆ ನೀವು ಕೊಟ್ಟ ಒಂದೊಂದು ಅಂಕದಲ್ಲೂ ಮೂರು ಸಂಗತಿ ಬೆರೆತುಹೋಗಿವೆ. ಆಲ್ಬಮ್ ಮಾಡಿದವರು ಬೇಕೆಂದೇ ಇಟ್ಟದ್ದು ಒಂದು. ನಿಮ್ಮ ಬಸ್ಸು, ಇಯರ್‌ಬಡ್, ಸೆಟ್ಟಿಂಗ್ ಸೇರಿಸಿದ್ದು ಅಥವಾ ನುಂಗಿದ್ದು ಇನ್ನೊಂದು. ನಿಮ್ಮ ರುಚಿ ಮೂರನೆಯದು. ರುಚಿಯ ಬಗ್ಗೆ ಯಾರಿಗೂ ನೀವು ಉತ್ತರ ಕೊಡಬೇಕಾಗಿಲ್ಲ. ಮೊದಲ ಎರಡನ್ನು ಮಾತ್ರ ಸೋಸಿಕೊಳ್ಳಬೇಕು. ನೀವು ಬರೆದದ್ದನ್ನು ನೋಡಿದರೆ ‘ಸ್ಪೈಡರ್‌ಲ್ಯಾಂಡ್’ನ 5 ಹೆಚ್ಚಾಗಿ ಬಸ್ಸಿಗೆ ಸಲ್ಲಬೇಕಾದ ಅಂಕ. ‘ಏರೋಪ್ಲೇನ್’ನ ಕರಕರ ಬಹುಪಾಲು ಆಲ್ಬಮ್‌ನದೇ, ಸ್ವಲ್ಪ ನಿಮ್ಮ ಬೇಸ್ ಬೂಸ್ಟ್‌ನದು. ‘ಲವ್‌ಲೆಸ್’ನಲ್ಲಿ ನಿಮಗೆ ಕೇಳಿಸಿದ್ದು ಮಾತ್ರ ಹೆಚ್ಚುಕಡಿಮೆ ಅವರು ಮಾಡಿದ್ದೇ. ಕಿವಿಗೆ ದೋಷ ಹೊರಿಸಲು ಇಲ್ಲಿ ಕಾರಣ ಕಾಣುವುದಿಲ್ಲ.

‘ಲವ್‌ಲೆಸ್’ 1991ರ ನವೆಂಬರ್‌ನಲ್ಲಿ ಬಂತು. ಹತ್ತಕ್ಕೂ ಹೆಚ್ಚು ಸ್ಟುಡಿಯೋ ಬದಲಿಸಿ, ಎರಡು ವರ್ಷದಷ್ಟು ಕಾಲ ಅದರ ಮೇಲೆ ಕೆಲಸ ನಡೆದಿತ್ತು. ಅದರಲ್ಲಿ ನೂರಾರು ಗಿಟಾರ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ ಎಂಬ ಮಾತು ಬಹಳ ಓಡಾಡುತ್ತದೆ. ಅದು ನಿಜವಲ್ಲ, ಗಿಟಾರ್ ಟ್ರ್ಯಾಕ್‌ಗಳು (ಬೇರೆಬೇರೆಯಾಗಿ ರೆಕಾರ್ಡ್ ಮಾಡಿದ ಪದರಗಳು) ಜನ ಊಹಿಸುವುದಕ್ಕಿಂತ ತುಂಬಾ ಕಡಿಮೆ ಎಂದು ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್ ಅವರೇ ಹಲವು ಸಲ ಹೇಳಿದ್ದಾರೆ. ಆ ಸದ್ದು ಹುಟ್ಟುವುದು ಬಾರಿಸುವ ರೀತಿಯಿಂದ. ಗಿಟಾರ್‌ನ ತಂತಿಗಳು ಕೂರುವ ಬ್ರಿಡ್ಜ್‌ನಿಂದ ಚಾಚಿಕೊಂಡಿರುವ ಟ್ರೆಮೊಲೊ ಸರಳನ್ನು ಬಲಗೈಯ ಹಿಡಿತದಲ್ಲೇ ಇಟ್ಟುಕೊಂಡು ಅದೇ ಕೈಯಲ್ಲಿ ತಂತಿ ಮೀಟುತ್ತಾರೆ. ಪ್ರತಿ ಮೀಟಿಗೂ ಸರಳು ಅಲುಗುತ್ತದೆ, ತಂತಿಯ ಬಿಗಿ ಬದಲಾಗುತ್ತದೆ, ಸ್ವರ ತನ್ನ ಸ್ಥಾನದಿಂದ ಕೊಂಚ ಜಾರಿ ಮತ್ತೆ ಬಂದು ಕೂರುತ್ತದೆ. ಇದಕ್ಕೆ ಹಿಮ್ಮುಖ ರಿವರ್ಬ್ (ತಿರುಗಿಸಿಟ್ಟ ಪ್ರತಿಧ್ವನಿ) ಸೇರಿಸಿದರೆ ಮೀಟಿನ ಚೂಪು ಕರಗಿಹೋಗಿ, ಸದ್ದು ಎಲ್ಲಿ ಶುರುವಾಯಿತು ಎಂಬುದೇ ಗೊತ್ತಾಗುವುದಿಲ್ಲ. ಟೇಪ್ ಹಾಳಾದಂತೆ, ವೇಗ ಏರುಪೇರಾದಂತೆ ನಿಮಗೆ ಅನಿಸಿದ್ದರೆ ಅದು ಈ ಜಾರುವಿಕೆ.

ಮಾತು ಏಕೆ ಸಿಗುವುದಿಲ್ಲ? ಒಂದು, ಧ್ವನಿಯನ್ನು ಮಿಕ್ಸ್‌ನಲ್ಲಿ ಗಿಟಾರ್‌ಗಿಂತ ಕೆಳಗೆ ಇಟ್ಟಿದ್ದಾರೆ. ಎರಡು, ನಾವು ಪದಗಳನ್ನು ಗುರುತಿಸುವುದು ವ್ಯಂಜನಗಳಿಂದ. ಅವುಗಳ ಸುಳಿವು ಹೆಚ್ಚಾಗಿ ಇರುವುದು 2000ರಿಂದ 4000 ಹರ್ಟ್ಸ್ ಸುತ್ತಮುತ್ತ, ಡಿಸ್ಟಾರ್ಷನ್ ಹಾಕಿ ಸದ್ದು ಒಡೆಸಿದ ಗಿಟಾರ್ ತುಂಬಿಕೊಂಡಿರುವುದೂ ಅದೇ ಜಾಗವನ್ನು. ಜೋರು ಸದ್ದು ಅದೇ ಜಾಗದ ಮೆಲುಸದ್ದನ್ನು ಮುಚ್ಚಿಬಿಡುತ್ತದೆ. ಸ್ಟುಡಿಯೋಗಳಲ್ಲಿ ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ. ಮೂರು, ಒಂದೇ ಸಾಲನ್ನು ಹಲವು ಸಲ ಹಾಡಿಸಿ ಒಂದರ ಮೇಲೊಂದು ಇಟ್ಟಿದ್ದಾರೆ. ‘ಸ’, ‘ಟ’ಗಳು ಪ್ರತಿ ಸಲವೂ ಕೂದಲೆಳೆಯಷ್ಟು ಆಚೀಚೆ ಬೀಳುವುದರಿಂದ ವ್ಯಂಜನಗಳು ಒಂದನ್ನೊಂದು ಅಳಿಸುತ್ತವೆ, ಸ್ವರಗಳಷ್ಟೇ ಉಳಿಯುತ್ತವೆ. ಇಷ್ಟರ ಮೇಲೆ ಗಾಯಕಿ ಬಿಲಿಂಡಾ ಬುಚರ್ ಅವರನ್ನು ಎಷ್ಟೋ ಸಲ ನಿದ್ದೆಯಿಂದ ಎಬ್ಬಿಸಿ ಹಾಡಿಸಿದ್ದು, ಆ ಮಂಪರು ಧ್ವನಿಯಲ್ಲೇ ಇದೆ. ಎಷ್ಟು ದುಬಾರಿ ಹೆಡ್‌ಫೋನ್ ತಂದರೂ ಪದಗಳು ಎದ್ದು ಬರುವುದಿಲ್ಲ.

ಆದ್ದರಿಂದ ಪದ ಹುಡುಕುವುದನ್ನು ಬಿಟ್ಟು ಕೇಳಿ ನೋಡಿ. ಮೊದಲ ಹಾಡು ‘ಓನ್ಲಿ ಶಾಲೋ’ ಡ್ರಮ್‌ನ ಚುರುಕು ಏಟುಗಳಿಂದ ಶುರುವಾಗುತ್ತದೆ, ಕೂಡಲೇ ಗಿಟಾರ್ ಕಿರುಚುತ್ತದೆ. ಧ್ವನಿ ಬರುವುದು ಆ ಕಿರುಚು ಹಿಂದೆ ಸರಿದ ಭಾಗದಲ್ಲಿ. ಅದನ್ನು ಇನ್ನೊಂದು ವಾದ್ಯ ಎಂದುಕೊಂಡು, ಏರುವಾಗ ಏರಿ ಇಳಿಯುವಾಗ ಇಳಿಯಿರಿ. ಅದೂ ಕಷ್ಟವಾದರೆ ‘ಸಮ್‌ಟೈಮ್ಸ್’ ಹಾಡಿನಿಂದ ಆರಂಭಿಸಿ. ಅದರಲ್ಲಿ ಡ್ರಮ್ಸ್ ಬಹುತೇಕ ಇಲ್ಲ, ಗಿಟಾರ್ ಒಂದೇ ಸಮನೆ ಗುಂಯ್‌ಗುಟ್ಟುತ್ತದೆ, ರಾಗದ ಎಳೆ ಕೈಗೆ ಬೇಗ ಸಿಗುತ್ತದೆ. ನನ್ನ ಮಟ್ಟಿಗೆ ‘ಲವ್‌ಲೆಸ್’ನ ಬಲ ಇರುವುದೇ ಈ ವಿರೋಧದಲ್ಲಿ: ಅಷ್ಟು ದೊಡ್ಡ ಸದ್ದು, ಅದರೊಳಗೆ ಲಾಲಿಯಷ್ಟು ಮೆತ್ತಗಿನ ರಾಗ. ಹಾಗೆ ಕೇಳಿದ ಮೇಲೂ ಮಾತಿಲ್ಲದ ಹಾಡು ನಿಮಗೆ ಹಿಡಿಸದಿದ್ದರೆ ಆ 4 ನ್ಯಾಯವಾದ 4.

ಇನ್ನು ‘ಸ್ಪೈಡರ್‌ಲ್ಯಾಂಡ್’. ಅದೂ 1991ರದೇ, ಆದರೆ ರೆಕಾರ್ಡಿಂಗ್ ಮುಗಿದದ್ದು ನಾಲ್ಕೇ ದಿನದಲ್ಲಿ. ಎಂಜಿನಿಯರ್ ಬ್ರಯನ್ ಪಾಲ್ಸನ್ ವಾದ್ಯಗಳನ್ನು ಇದ್ದಂತೆ ಹಿಡಿದಿದ್ದಾರೆ. ಮೆಲ್ಲಗಿದ್ದದ್ದು ಮೆಲ್ಲಗೇ ಉಳಿದಿದೆ, ಅಬ್ಬರ ಅಬ್ಬರವಾಗೇ ಉಳಿದಿದೆ. ಆ ಅಂತರವೇ ಆಲ್ಬಮ್‌ನ ಜೀವ. ಬಸ್ಸಿನಲ್ಲಿ ಅದಕ್ಕೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಒಳಗಿನ ಸದ್ದು 70 ಡೆಸಿಬಲ್ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ನೀವು ಇಟ್ಟುಕೊಳ್ಳುವ ವಾಲ್ಯೂಮ್‌ಗೆ ಪಿಸುಮಾತಿನ ಭಾಗ 55ರಲ್ಲಿ, ಅಬ್ಬರದ ಭಾಗ 85ರಲ್ಲಿ ಇದೆ ಎನ್ನಿ. ಪಿಸುಮಾತು ಬಸ್ಸಿನ ಸದ್ದಿನಡಿ ಮುಳುಗಿತು. ಅದು ಮೇಲೆ ಬರಲೆಂದು 15 ಡೆಸಿಬಲ್ ಏರಿಸಿದಿರಿ. ಈಗ ಅಬ್ಬರ 100ಕ್ಕೆ ಹೋಯಿತು. ಕಿವಿಗೆ ಬಡಿದದ್ದು ಇದು.

ಕಿವಿ ಗುಂಯ್ ಎಂದದ್ದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. 100ಕ್ಕೆ ಬಂದರೆ ಇಡೀ ವಾರಕ್ಕೆ 20 ನಿಮಿಷದ ಆಸುಪಾಸು. ಗುಂಯ್ ಎನ್ನುವುದು ಕಿವಿಯ ಒಳಗಿನ ಸೂಕ್ಷ್ಮ ಕೋಶಗಳಿಗೆ ಪೆಟ್ಟು ಬಿದ್ದ ಗುರುತು, ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಒಂದು ದಿನ ದಾಟಿಯೂ ಗುಂಯ್ ನಿಲ್ಲದಿದ್ದರೆ ಇಎನ್‌ಟಿ ವೈದ್ಯರ ಬಳಿ ಹೋಗಿ, ಕಾಯಬೇಡಿ.

ಬಸ್ಸಿನಲ್ಲೇ ಕೇಳಬೇಕೆಂದರೆ ದಾರಿಗಳಿವೆ, ಒಂದೊಂದಕ್ಕೂ ಒಂದು ಬೆಲೆ ಇದೆ. ಮೊದಲು ಇಯರ್‌ಬಡ್‌ನ ಮೆತ್ತನೆಯ ರಬ್ಬರ್ ತುದಿ ನೋಡಿ. ಡಬ್ಬಿಯಲ್ಲಿ ಬರುವ ಮೂರು ಅಳತೆಗಳಲ್ಲಿ ಎರಡು ಕಿವಿಗೂ ಒಂದೇ ಸರಿಹೋಗಬೇಕೆಂದಿಲ್ಲ. ತುದಿ ಸಡಿಲವಿದ್ದರೆ ಬೇಸ್ ಸೋರಿಹೋಗುತ್ತದೆ, ಗಿಟಾರ್‌ನ ಚೂಪು ಭಾಗವಷ್ಟೇ ಉಳಿದು ಎಲ್ಲ ಆಲ್ಬಮ್ಮೂ ತಗಡು ಬಡಿದಂತೆ ಕೇಳಿಸುತ್ತದೆ. ನೀವು ಬೇಸ್ ಏರಿಸಿಕೊಳ್ಳಬೇಕಾಗಿ ಬಂದದ್ದೇ ಇದರಿಂದ ಇರಬಹುದು. ಹಾಕಿಕೊಂಡು ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಬೇಸ್ ತಟ್ಟನೆ ಹೆಚ್ಚಾದರೆ ತುದಿ ಚಿಕ್ಕದಾಗಿದೆ ಎಂದರ್ಥ. ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಎಂಜಿನ್ನಿನ ಗುಡುಗುಡುವನ್ನು ಚೆನ್ನಾಗಿ ಕಳೆಯುತ್ತದೆ, ಜನರ ಮಾತನ್ನು ಅಷ್ಟಾಗಿ ಕಳೆಯದು. ಅದನ್ನು ಹಾಕಿಕೊಂಡು ರಸ್ತೆ ದಾಟಬಾರದು, ಹಿಂದಿನ ಗಾಡಿ ಕೇಳಿಸುವುದಿಲ್ಲ.

ಮೂರನೆಯ ದಾರಿ ಆ್ಯಪ್‌ನ ಒಳಗಿದೆ. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಲಫ್ಸ್ ಎಂಬ ಸರಾಸರಿ ಜೋರಿಗೆ ತರುತ್ತದೆ. ಸೆಟ್ಟಿಂಗ್‌ನಲ್ಲಿ ‘ಲೌಡ್’ ಆರಿಸಿದರೆ ಅದು ಮೈನಸ್ 11 ಆಗುತ್ತದೆ, ಜಾಗ ಸಾಲದ ಕಡೆ ಲಿಮಿಟರ್ ಎತ್ತರದ ಏಟುಗಳನ್ನು ಅದುಮುತ್ತದೆ. ಬಸ್ಸಿಗೆ ಅದು ಅನುಕೂಲ, ಆದರೆ ‘ಸ್ಪೈಡರ್‌ಲ್ಯಾಂಡ್’ನಂಥ ಆಲ್ಬಮ್‌ನಲ್ಲಿ ಅದುಮಿಹೋಗುವುದು ನೀವು ಅಂಕ ಕೊಡಬೇಕಾದ ಸಂಗತಿಯೇ. ಅಂಕಕ್ಕಾಗಿ ಕೇಳುವಾಗ ‘ನಾರ್ಮಲ್’ನಲ್ಲಿ ಇಡಿ. ಶಫಲ್ ಕೂಡ ಬೇಡ. ಆಲ್ಬಮ್ಮನ್ನು ಸಾಲಾಗಿ ಹಾಕಿದಾಗ ಇಡೀ ಆಲ್ಬಮ್‌ಗೆ ಒಂದೇ ಅಳತೆ ಹಿಡಿಯುತ್ತಾರೆ, ಹಾಡುಗಳ ನಡುವಿನ ಏರಿಳಿತ ಉಳಿಯುತ್ತದೆ. ಶಫಲ್‌ನಲ್ಲಿ ಪ್ರತಿ ಹಾಡನ್ನೂ ಬೇರೆಬೇರೆಯಾಗಿ ಸಮ ಮಾಡುವುದರಿಂದ ಮೆಲ್ಲಗಿರಬೇಕಾದ ಹಾಡೂ ಜೋರಾಗಿ ಬಂದು ನಿಲ್ಲುತ್ತದೆ.

ಇವೆಲ್ಲಕ್ಕಿಂತ ಸುಲಭವಾದದ್ದು, ರಾತ್ರಿ ಸದ್ದಡಗಿದ ಮೇಲೆ ಒಮ್ಮೆ ಕೋಣೆಯಲ್ಲಿ ಕೇಳುವುದು. ‘ಸ್ಪೈಡರ್‌ಲ್ಯಾಂಡ್’ನ ಮೂರನೆಯ ಹಾಡು ‘ಡಾನ್, ಅಮನ್’ನಲ್ಲಿ ಡ್ರಮ್ಸ್ ಇಲ್ಲವೇ ಇಲ್ಲ. ಗಿಟಾರ್‌ಗಳ ನಡುವೆ ಒಬ್ಬರು ಕಿವಿಯ ಬಳಿ ಬಂದು ಮಾತಾಡಿದಂತೆ ಪಿಸುಗುಡುತ್ತಾರೆ. ಅದು ಸಲೀಸಾಗಿ ಕೇಳಿಸುವಷ್ಟು ವಾಲ್ಯೂಮ್ ಇಟ್ಟು ಕೈ ತೆಗೆದುಬಿಡಿ, ಮತ್ತೆ ಮುಟ್ಟಬೇಡಿ. ಕೊನೆಯ ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’ ಹಾಡಿನ ಕೊನೆಗೆ ಬರುವ ಕೂಗು ಆಗ ಎಷ್ಟು ದೊಡ್ಡದಾಗಿರಬೇಕೋ ಅಷ್ಟೇ ದೊಡ್ಡದಾಗಿ ಬರುತ್ತದೆ. 5 ಅಂಕ ಬದಲಾಗುವ ಸಾಧ್ಯತೆ ಹೆಚ್ಚಾಗಿ ಕಾಣುವುದು ನನಗೆ ಇಲ್ಲೇ.

‘ಏರೋಪ್ಲೇನ್’ ವಿಷಯಕ್ಕೆ ಬರೋಣ. 1998ರ ಈ ಆಲ್ಬಮ್‌ನಲ್ಲಿ ಕರಕರ ಬೇಕೆಂದೇ ಇದೆ. ನಿರ್ಮಾಪಕ ರಾಬರ್ಟ್ ಷ್ನೈಡರ್ ಮೈಕ್‌ನ ಸಂಕೇತವನ್ನು ಅದನ್ನು ಬಲಪಡಿಸುವ ಪ್ರೀಆ್ಯಂಪ್‌ನಲ್ಲೇ ಮಿತಿಮೀರಿ ಹೆಚ್ಚಿಸಿ ಒಡೆಸಿದ್ದಾರೆ, ಅಕೂಸ್ಟಿಕ್ ಗಿಟಾರನ್ನು ಜೋರು-ಮೆಲುಗಳ ಅಂತರ ತಗ್ಗಿಸುವ ಕಂಪ್ರೆಸರ್‌ನಲ್ಲಿ ಬಲವಾಗಿ ಅದುಮಿದ್ದಾರೆ. ಮೆತ್ತಗಿರಬೇಕಾದ ಗಿಟಾರ್ ಹಲ್ಲು ಕಡಿದಂತೆ ಕೇಳಿಸುವುದು ಅದರಿಂದ. ಬೇಕೆಂದು ಇಟ್ಟ ಕರಕರ ಯಾವುದು, ಸಲಕರಣೆಯ ತಪ್ಪು ಯಾವುದು ಎಂದು ತಿಳಿಯಲು ಈ ಆಲ್ಬಮ್ಮೇ ಒಳ್ಳೆಯ ಪರೀಕ್ಷೆ. ಶೀರ್ಷಿಕೆ ಗೀತೆಯಲ್ಲಿ ಹೆಣ್ಣುದನಿ ದೂರದಿಂದ ನರಳಿದಂಥ ಒಂದು ತೆಳು ಸ್ವರ ಬರುತ್ತದೆ. ಅದು ಗರಗಸ. ಹಲಗೆ ಕೊಯ್ಯುವ ಗರಗಸವನ್ನೇ ಬಗ್ಗಿಸಿ ಹಿಡಿದು, ಅದರ ಅಂಚನ್ನು ಪಿಟೀಲಿನ ಕಮಾನಿನಿಂದ ಉಜ್ಜುತ್ತಾರೆ. ಬಗ್ಗಿಸಿದಷ್ಟೂ ಸ್ವರ ಏರುತ್ತದೆ. ಆ ಸ್ವರ ನಿಮ್ಮ ಇಯರ್‌ಬಡ್‌ನಲ್ಲಿ ನಯವಾಗಿ, ಒಡೆಯದೆ ಬಂದರೆ ನಿಮ್ಮ ಸಲಕರಣೆ ಚೆನ್ನಾಗಿದೆ. ಅದೇ ಸಲಕರಣೆಯಲ್ಲಿ ‘ಹಾಲೆಂಡ್, 1945’ ಹಾಕಿ. ಮೈತುಂಬ ಮುಳ್ಳು ಎದ್ದಂತೆ ಕೇಳಿಸಿದರೆ ಆ ಮುಳ್ಳು ಹಾಡಿನದು.

ಗರಗಸದ ಸ್ವರವೂ ಒಡೆದರೆ ಹುಡುಕಬೇಕಾದದ್ದು ನಿಮ್ಮ ಕಡೆ. ಮೊದಲ ಅನುಮಾನ ಬೇಸ್ ಬೂಸ್ಟ್ ಮೇಲೆ. ಜೋರಾಗಿ ಮಾಸ್ಟರ್ ಮಾಡಿದ (ಬಿಡುಗಡೆಗೆ ಮೊದಲು ಕೊನೆಯದಾಗಿ ಹದಗೊಳಿಸಿದ) ಹಾಡಿನ ಎತ್ತರದ ಏಟುಗಳು ಡಿಜಿಟಲ್ ಮಿತಿಯನ್ನು ಆಗಲೇ ಮುಟ್ಟಿರುತ್ತವೆ, ಅಂಚಿನವರೆಗೆ ತುಂಬಿದ ಕೊಡದಂತೆ. ಅದರ ಮೇಲೆ ಬೇಸ್, ಟ್ರೆಬಲ್ ಏರಿಳಿಸುವ ಈಕ್ವಲೈಸರ್‌ನಲ್ಲಿ 6 ಡೆಸಿಬಲ್ ಬೇಸ್ ಸುರಿದರೆ ಚೆಲ್ಲುವುದು ಖಂಡಿತ. ಅಲೆಯ ತಲೆ ಕತ್ತರಿಸಿಹೋಗಿ ಕರ್ ಎನ್ನುತ್ತದೆ. ಈಕ್ವಲೈಸರ್ ಬೇಕೇ ಬೇಕೆಂದರೆ ಅದರಲ್ಲೇ ಇರುವ ಪ್ರೀಆ್ಯಂಪ್ ಗುಂಡಿಯನ್ನು ನೀವು ಏರಿಸಿದ್ದಷ್ಟೇ ಕೆಳಗಿಳಿಸಿ. ಉಳಿದವುಗಳ ಗುರುತು ಬೇರೆಬೇರೆ. ಬ್ಲೂಟೂತ್ ಕಡಿದರೆ ಸದ್ದು ತುಂಡಾಗುತ್ತದೆ, ಕರಕರ ಬರುವುದಿಲ್ಲ. ಕಡಿಮೆ ಬಿಟ್‌ರೇಟ್‌ನ, ಎಂದರೆ ತುಂಬಾ ಕುಗ್ಗಿಸಿದ ಎಂಪಿ3 ಆದರೆ ಡ್ರಮ್ಸ್‌ನ ಲೋಹದ ತಟ್ಟೆಗಳು (ಸಿಂಬಲ್) ನೀರಿನಡಿ ಬಾರಿಸಿದಂತೆ ಕುಲುಕುತ್ತವೆ. ಒಂದೇ ಕಿವಿಯಲ್ಲಿ, ಬೇಸ್ ಬಂದಾಗಲಷ್ಟೇ ಪಟಪಟ ಎಂದರೆ ಆ ಬದಿಯ ಡ್ರೈವರ್ (ಇಯರ್‌ಬಡ್‌ನೊಳಗಿನ ಪುಟ್ಟ ಸ್ಪೀಕರ್) ಸಡಿಲಾಗಿದೆ ಅಥವಾ ಜಾಲರಿಗೆ ಕಸ ಕಟ್ಟಿದೆ. ಮೂರು ಬೇರೆ ಸಾಧನದಲ್ಲೂ ಅದೇ ಸೆಕೆಂಡಿಗೆ, ಅದೇ ವಾದ್ಯದ ಮೇಲೆ ಬಂದರೆ ಮತ್ತೆ ಡೌನ್‌ಲೋಡ್ ಮಾಡಿ ಫಲವಿಲ್ಲ.

ಈ ಒರಟು ಸದ್ದಿನ ಇನ್ನೊಂದು ಮೂಲ ಮನೆಯ ಟೇಪ್ ರೆಕಾರ್ಡರ್. 1979ರಲ್ಲಿ ಟ್ಯಾಸ್ಕ್ಯಾಮ್ ಪೋರ್ಟಾಸ್ಟುಡಿಯೋ ಬಂದಮೇಲೆ ಸಾಧಾರಣ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ರೆಕಾರ್ಡ್ ಮಾಡುವುದು ಸಾಧ್ಯವಾಯಿತು. ನಾಲ್ಕು ಸಾಲದಾದಾಗ ಮೂರನ್ನು ಕೂಡಿಸಿ ನಾಲ್ಕನೆಯದಕ್ಕೆ ಇಳಿಸಿ, ಖಾಲಿಯಾದ ಮೂರರಲ್ಲಿ ಮತ್ತೆ ಬಾರಿಸುತ್ತಿದ್ದರು. ಪ್ರತಿ ಇಳಿಸುವಿಕೆಗೂ ಹಿಸ್ ಸದ್ದು ಏರುತ್ತದೆ, ಮೇಲಿನ ಸ್ವರಗಳು ಮಂಕಾಗುತ್ತವೆ. ಗೈಡೆಡ್ ಬೈ ವಾಯ್ಸಸ್ ತಂಡದ ‘ಬೀ ಥೌಸಂಡ್’ (1994) ಇಂಥ ಮನೆ ರೆಕಾರ್ಡಿಂಗ್‌ಗಳಿಂದಲೇ ಆದದ್ದು: 20 ಹಾಡು, ಒಟ್ಟು ಮುಕ್ಕಾಲು ಗಂಟೆಯೂ ಇಲ್ಲ. ಅದನ್ನು ಕೇಳುವ ಸರದಿ ಬಂದಾಗ ಫೈಲ್ ಮೇಲೆ ಅನುಮಾನ ಬೇಡ.

ಗೆಳೆಯರ ಮೂರು ಮಾತುಗಳಲ್ಲಿ ಎಲ್‌ಪಿಯ ಮಾತಿಗೆ ಒಂದು ಆಧಾರವಿದೆ. ಈ ರೆಕಾರ್ಡಿಂಗನ್ನು ಎಲ್‌ಪಿಯಲ್ಲಿ ಕೇಳಲೆಂದೇ ಮಾಡಿದ್ದು ಎಂದು ‘ಸ್ಪೈಡರ್‌ಲ್ಯಾಂಡ್’ ಸಿಡಿಯ ಹೊದಿಕೆಯ ಮೇಲೇ ಬರೆದಿದ್ದಾರೆ. ಬದಿಗೆ ಮೂರು ಹಾಡು, ನಡುವೆ ಎದ್ದು ತಿರುಗಿಸಬೇಕು, ಕೋಣೆಯಲ್ಲೇ ಕೂತಿರಬೇಕು. ಆ ಆಲ್ಬಮ್‌ಗೆ ಅದು ಒಪ್ಪುತ್ತದೆ. ಅಷ್ಟರಿಂದ ಎಲ್‌ಪಿಯ ಸದ್ದು ಎಲ್ಲ ಕಡೆ ಮೇಲು ಎಂದಾಗುವುದಿಲ್ಲ. ಒಂದು ಬದಿಯಲ್ಲಿ 20-22 ನಿಮಿಷ ದಾಟಿದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಆಗ ಸದ್ದು ತಗ್ಗಿಸಬೇಕು, ಹಿಸ್ ಮೇಲೆ ಬರುತ್ತದೆ. ‘ಲವ್‌ಲೆಸ್’ 48 ನಿಮಿಷ ಮೀರಿದ್ದು, ಎಂದರೆ ಬದಿಗೆ ಸುಮಾರು 24. ಬೇಸನ್ನು ಎಡ-ಬಲ ಸ್ಪೀಕರ್‌ಗಳ ನಡುವಿಗೆ ತರಬೇಕು, ಇಲ್ಲವಾದರೆ ಸೂಜಿ ಎಗರುತ್ತದೆ. ಬದಿಯ ಕೊನೆಯ ಹಾಡಿಗೆ ಬರುವಷ್ಟರಲ್ಲಿ ಸುತ್ತು ಚಿಕ್ಕದಾಗಿ ‘ಸ’ಕಾರಗಳು ಉಗುಳಿದಂತೆ ಒಡೆಯುತ್ತವೆ. ಎಲ್‌ಪಿಯಲ್ಲಿ ಡೈನಾಮಿಕ್ ರೇಂಜ್ (ಮೆಲುಸದ್ದಿಗೂ ಜೋರು ಸದ್ದಿಗೂ ನಡುವಿನ ಅಂತರ) ಹೆಚ್ಚು ಎಂದು ತೋರಿಸುವ ಅಂಕಿಗಳನ್ನೂ ಪೂರ್ತಿ ನಂಬಬೇಡಿ. ಒಂದೇ ಡಿಜಿಟಲ್ ಮಾಸ್ಟರ್‌ನಿಂದ ಒತ್ತಿದ ಎಲ್‌ಪಿಯನ್ನು ಅಳೆದರೂ ಅಲೆಯ ಆಕಾರ ಬದಲಾಗಿರುವುದರಿಂದ ಅಂಕಿ ಮೇಲೇರುತ್ತದೆ. ಅದುಮಿದ ಸದ್ದೇನೂ ಬಿಚ್ಚಿಕೊಂಡಿರುವುದಿಲ್ಲ. ಸಿಡಿಯ 16 ಬಿಟ್ ಕೊಡುವ 96 ಡೆಸಿಬಲ್ ಅಂತರ ಈ ಆಲ್ಬಮ್‌ಗಳಿಗೆ ಧಾರಾಳ.

ವ್ಯತ್ಯಾಸ ಹೆಚ್ಚಾಗಿ ಬರುವುದು ಮಾಸ್ಟರಿಂಗ್‌ನಿಂದ. ‘ಲವ್‌ಲೆಸ್’ನ 2012ರ ಆವೃತ್ತಿಯಲ್ಲಿ ಎರಡು ಸಿಡಿ ಇದ್ದವು: ಒಂದು ಮೂಲ ಡಿಜಿಟಲ್ ಟೇಪ್‌ನಿಂದ, ಇನ್ನೊಂದು ಅರ್ಧ ಇಂಚಿನ ಅನಲಾಗ್ ಟೇಪ್‌ನಿಂದ. ಇಂಥ ಎರಡು ಆವೃತ್ತಿಗಳನ್ನು ಹೋಲಿಸುವಾಗ ಎರಡರ ಜೋರನ್ನೂ ಮೊದಲು ಸಮ ಮಾಡಿಕೊಳ್ಳಿ. ಒಂದೇ ಒಂದು ಡೆಸಿಬಲ್ ಜೋರಿದ್ದರೂ ಅದೇ ಚೆನ್ನಾಗಿದೆ ಎಂದು ನಮ್ಮ ಕಿವಿ ಹೇಳಿಬಿಡುತ್ತದೆ. ಹೆಡ್‌ಫೋನ್ ಬಗ್ಗೆ ಹೇಳುವುದು ಕಡಿಮೆ: ಕಿವಿಯನ್ನು ಪೂರ್ತಿ ಮುಚ್ಚುವ, ವೈರ್ ಇರುವ ಸಾಧಾರಣ ಹೆಡ್‌ಫೋನ್ ಒಂದು ಸಾಕು.

ಹತ್ತು ಸಲ ಕೇಳಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮತ್ತೆ ಮತ್ತೆ ಎದುರಾದದ್ದು ಅಷ್ಟರಿಂದಲೇ ಇಷ್ಟವಾಗತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ 1968ರಲ್ಲೇ ತೋರಿಸಿದ್ದಾರೆ. ಹತ್ತನೆಯ ಸಲ ಹುಟ್ಟುವ ಮೆಚ್ಚುಗೆಯಲ್ಲಿ ಆಲ್ಬಮ್‌ನ ಗುಣ ಎಷ್ಟು, ಬರೀ ಪರಿಚಯ ಎಷ್ಟು ಎಂದು ಬಿಡಿಸುವುದು ಕಷ್ಟ. ಒಂದೇ ಸಲ ಕೇಳಿದ್ದೂ ಸಾಲದು, ಏಕೆಂದರೆ ಮೊದಲ ಸಲ ನಾವು ಕೇಳುವುದು ನಿರೀಕ್ಷೆಗೂ ಆಲ್ಬಮ್‌ಗೂ ನಡುವಿನ ಅಂತರವನ್ನು. ಮೂರು ಸಲ ಸರಿಯಾದ ಲೆಕ್ಕ. ಮೊದಲು ಕೋಣೆಯಲ್ಲಿ, ಯಾರ ವಿಮರ್ಶೆಯನ್ನೂ ಓದದೆ, ತುದಿಯಿಂದ ತುದಿಗೆ. ಎರಡು ದಿನ ಬಿಟ್ಟು ಮೊದಲ ಸಲ ಬೇಸರ ಬಂದ ಹಾಡುಗಳಷ್ಟನ್ನು. ಒಂದು ವಾರದ ಮೇಲೆ ಇನ್ನೊಮ್ಮೆ ಇಡಿಯಾಗಿ, ಅದರ ನಂತರವೇ ಅಂಕ. ಅಂಕ ಬದಲಾದರೆ ನಾಚಿಕೊಳ್ಳುವಂಥದ್ದೂ ಇಲ್ಲ. ‘ಏರೋಪ್ಲೇನ್’ಗೆ 1998ರಲ್ಲಿ ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ಜಾಲಪತ್ರಿಕೆ ಕೊಟ್ಟದ್ದು 8.7, ಮರುಬಿಡುಗಡೆಯಾದ 2005ರಲ್ಲಿ ಇನ್ನೊಬ್ಬ ವಿಮರ್ಶಕರ ಕೈಯಲ್ಲಿ ಅದೇ ಪತ್ರಿಕೆಯ 10. ವೀಜರ್ ತಂಡದ ‘ಪಿಂಕರ್ಟನ್’ ಅನ್ನು 1996ರ ಕೆಟ್ಟ ಆಲ್ಬಮ್‌ಗಳ ಸಾಲಿಗೆ ಸೇರಿಸಿದ್ದೂ ರೋಲಿಂಗ್ ಸ್ಟೋನ್ ಪತ್ರಿಕೆಯ ಓದುಗರೇ, 2002ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಆಲ್ಬಮ್‌ಗಳಲ್ಲಿ 16ನೆಯದಾಗಿ ಆರಿಸಿದ್ದೂ ಅದೇ ಓದುಗರೇ.

ನೋಟ್‌ಬುಕ್‌ನಲ್ಲಿ ಹಳೆಯ ಅಂಕದ ಕೆಳಗೇ ಹೊಸದನ್ನು ತಾರೀಕು ಹಾಕಿ ಬರೆಯಿರಿ. ಜೊತೆಗೆ ಎಲ್ಲಿ, ಯಾವುದರಲ್ಲಿ, ಎಷ್ಟನೆಯ ಸಲ ಎಂಬ ಮೂರು ಪದ ಇರಲಿ. ಕಾರಣವನ್ನು ಹಾಡಿನ ಹೆಸರಿನೊಂದಿಗೆ ಬರೆಯಿರಿ. ‘ಗದ್ದಲ’ ಎಂದಷ್ಟೇ ಬರೆದರೆ ಆರು ತಿಂಗಳ ಮೇಲೆ ನಿಮಗೇ ಏನೂ ತಿಳಿಯದು. ಹೀಗೆ: ‘ಲವ್‌ಲೆಸ್. ರಾತ್ರಿ ಕೋಣೆ, ವೈರ್ ಹೆಡ್‌ಫೋನ್, ಈಕ್ವಲೈಸರ್ ಇಲ್ಲ, ಮೂರನೆಯ ಸಲ. ಸಮ್‌ಟೈಮ್ಸ್ ಹಿಡಿಸಿತು. ಓನ್ಲಿ ಶಾಲೋನಲ್ಲಿ ಧ್ವನಿ ಎಲ್ಲಿ ಬರುತ್ತದೆಂದು ಈಗ ಗೊತ್ತು, ಆದರೂ ಮಾತು ಬೇಕೆನಿಸುತ್ತದೆ. 4.’ ಹೊಸದಾಗಿ ಕೇಳುವುದನ್ನು ‘ಸ್ಪೈಡರ್‌ಲ್ಯಾಂಡ್’ನಿಂದ ಶುರುಮಾಡಿ, ಬಸ್ಸು ಹೆಚ್ಚು ನುಂಗಿದ್ದು ಅದನ್ನೇ.